ಅಡುಗೆಮನೆ ಒಡೆಸುವ ಮೊದಲು

ಪುಟ್ಟಿ, ಹನುಮಂತನಗರದ ಮನೆ ಮಾರುವ ಮೊದಲು ಅಡುಗೆಮನೆ ಒಡೆಸಿ ಮಾಡ್ಯುಲರ್ ಮಾಡಿಸಿದರೆ ಬೆಲೆ ಹೆಚ್ಚು ಬರುತ್ತದೆಯೇ, ಆರು ಲಕ್ಷ ಸಾಲ ಮಾಡಲೇ ಎಂದು ಕೇಳಿದ್ದೀಯ. ಬೆಳಿಗ್ಗೆಯಿಂದ ಮನೆಯವರ ಈ ಗುಂಪಿನಲ್ಲಿ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದ್ದಾರೆಯೇ ಹೊರತು ಒಬ್ಬರೂ ಉತ್ತರ ಹೇಳಿಲ್ಲ. ಕುಕ್ಕರ್ ಇಳಿಸಿ ಕುಳಿತಿದ್ದೇನೆ, ಪೂರ್ತಿ ಕೇಳು.

ಕೊಳ್ಳುವವನು ಆ ಮನೆಯಲ್ಲಿ ಇರುತ್ತಾನೋ ಕೆಡವುತ್ತಾನೋ ತಿಳಿಯದೆ ಒಂದು ಟೈಲ್ ಕೂಡ ಹಾಕಿಸಬೇಡ.

ರಾಜಾಜಿನಗರದ ಮನೆಯಲ್ಲಿ ನಾನು ಮಾಡಿದ ತಪ್ಪು ಅದೇ. ನಿಮ್ಮ ತಾತ ಮುಂದೆ ನಿಂತು ಹಾಕಿಸಿದ ರೆಡ್ ಆಕ್ಸೈಡ್ ನೆಲ, ತೆಂಗಿನೆಣ್ಣೆ ತಿಕ್ಕಿ ತಿಕ್ಕಿ ಮುಖ ಕಾಣುವಷ್ಟು ಹೊಳಪು ಬಂದಿತ್ತು. 2014ರಲ್ಲಿ ಮಾರುವ ಮಾತು ಬಂದಾಗ ನಾನೇ ದೊಡ್ಡ ಬುದ್ಧಿವಂತೆ, ಅದನ್ನು ಅಗೆಸಿ ಬಿಳಿ ಟೈಲ್ಸ್ ಹಾಕಿಸಿದೆ. ಹಾಲಿಗೆ ಫಾಲ್ಸ್ ಸೀಲಿಂಗ್, ಅಡುಗೆಮನೆಗೆ ಕಪ್ಪು ಗ್ರಾನೈಟ್ ಕಟ್ಟೆ. ಒಟ್ಟು ಏಳು ಲಕ್ಷ. ಬಂದ ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಬರಲೂ ಇಲ್ಲ. ಸಂಪಿನ ಮುಚ್ಚಳ ಎತ್ತಿಸಿ ಬಗ್ಗಿ ನೋಡಿದ, ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಕೇಳಿದ, ರಸ್ತೆಯ ಅಗಲವನ್ನು ಹೆಜ್ಜೆ ಹಾಕಿ ಅಳೆದ. ಟೈಲ್ಸ್ ತೋರಿಸಲು ಹೋದರೆ, "ಅಮ್ಮಾ, ಹೇಗೂ ಕೆಡವಿ ಬಾಡಿಗೆಗೆ ಮೂರು ಅಂತಸ್ತು ಕಟ್ಟುತ್ತೇವೆ" ಎಂದುಬಿಟ್ಟ! ಕೊಟ್ಟದ್ದು ಮೂವತ್ತು ನಲವತ್ತರ ಸೈಟಿನ ದರ. ಕೆಡವುವ ಖರ್ಚೆಂದು ಅದರಲ್ಲೂ ಒಂದಿಷ್ಟು ಮುರಿದುಕೊಂಡ. ಎರಡು ತಿಂಗಳ ಮೇಲೆ ಆ ಕಡೆ ಹೋದಾಗ ನನ್ನ ಗ್ರಾನೈಟ್ ಕಟ್ಟೆ ಮರಳಿನ ಗುಡ್ಡೆಯ ಪಕ್ಕ ಬಿದ್ದಿತ್ತು. ಅದರ ಮೇಲೆ ಗಾರೆಯವನ ಊಟದ ಡಬ್ಬಿ.

ಅದಕ್ಕೇ ಮತ್ತೆ ಹೇಳುತ್ತೇನೆ, ಇರುತ್ತಾನೋ ಕೆಡವುತ್ತಾನೋ ತಿಳಿಯದೆ ಒಂದು ಟೈಲ್ ಕೂಡ ಬೇಡ.

ಆ ಏಳು ಲಕ್ಷವಾದರೂ ಎಲ್ಲರೂ ಹಂಚಿಕೊಂಡರೇ? ನಿಮ್ಮ ಅಪ್ಪ, ಪುಣ್ಯಾತ್ಮ, ಕೇಳುವ ಮೊದಲೇ ತನ್ನ ಪಾಲು ತಂದುಕೊಟ್ಟ. ನಿಮ್ಮ ಚಿಕ್ಕಪ್ಪ, ಈ ಗುಂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ, "ಅತ್ತಿಗೆ, ಹಾಕಿಸಿ ಎಂದು ನಾನು ಹೇಳಿದೆನೇ?" ಎಂದು ಕೈ ಒರೆಸಿಕೊಂಡ. ಮಾರಿದ ಹಣದಲ್ಲಿ ಮಾತ್ರ ಸರಿಯಾಗಿ ಮೂರನೆಯ ಒಂದು ಪಾಲು ಎಣಿಸಿಕೊಂಡ. ಬಂದ ಬ್ರೋಕರುಗಳಿಗೆಲ್ಲ ಕಾಫಿ ಮಾಡಿ ಮಾಡಿ ಸೋತವಳು ನಾನು. ಮಾರಿದ ಲಾಭದ ತೆರಿಗೆ ಲೆಕ್ಕದಲ್ಲಿ ಮನೆ ಸುಧಾರಿಸಿದ ಖರ್ಚನ್ನು ಕಳೆಯಬಹುದು, ಬಿಲ್ ತನ್ನಿ ಎಂದರು ಆಡಿಟರ್. ಮೇಸ್ತ್ರಿ ನನಗೆ ಲೆಕ್ಕ ಬರೆದುಕೊಟ್ಟಿದ್ದು ಹಳೆಯ ಮದುವೆ ಕರೆಯೋಲೆಯ ಹಿಂಬದಿಯಲ್ಲಿ!

ಅಯ್ಯೋ, ಹೇಳಬೇಕಾದದ್ದೇ ಉಳಿಯಿತು. ಮನೆಯ ಖಾತೆ, ಅದೇ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ಅಪ್ಪನ ಹೆಸರಿನಲ್ಲೇ ಇದೆಯಲ್ಲವೇ? ಮೊದಲು ಅದನ್ನು ಅಮ್ಮನ ಮತ್ತು ನಿನ್ನ ಹೆಸರಿಗೆ ಮಾಡಿಸಿ ಇ-ಖಾತಾ, ಅಂದರೆ ಆ ಖಾತೆಯ ಡಿಜಿಟಲ್ ಪ್ರತಿ, ತೆಗೆದುಕೊ. 2024ರ ಕೊನೆಯಿಂದ ಬೆಂಗಳೂರಿನಲ್ಲಿ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಋಣಭಾರ ಪತ್ರ, ಮಂಜೂರಾದ ನಕ್ಷೆ, ಕಂದಾಯದ ರಸೀದಿಗಳು, ಎಲ್ಲವೂ ಒಂದೇ ಫೈಲಿನಲ್ಲಿರಲಿ. ಆಮೇಲೆ ದೇವರಮನೆಯ ಮೂಲೆಯಲ್ಲಿ ನೀರಿಳಿದ ಕಲೆ. ಅದಕ್ಕೆ ಬರೀ ಬಣ್ಣ ಬಳಿಸಬೇಡ, ಮೊದಲ ಮಳೆಗೇ ಮತ್ತೆ ಮೇಲೆದ್ದು ಬರುತ್ತದೆ. ಮೇಲೆ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸು, ಸಂಪು ತೊಳೆಸು. ವಾಸಕ್ಕೆಂದೇ ಯಾರಾದರೂ ಬಂದರೆ ಅವರು ನೋಡುವುದು ಸೋರಿಕೆ, ನೀರು, ವೈರಿಂಗ್. ಅವರ ಅಡುಗೆಮನೆಯನ್ನು ಅವರೇ ಮಾಡಿಸಿಕೊಳ್ಳಲಿ. ಫ್ಲ್ಯಾಟ್ ಆಗಿದ್ದರೆ ಮಾತು ಬೇರೆ, ಅಲ್ಲಿ ಕೆಡವುವ ಪ್ರಶ್ನೆಯೇ ಇಲ್ಲ, ಅಡುಗೆಮನೆ, ಬಚ್ಚಲು ನೋಡಿಯೇ ದರ ಮಾತನಾಡುತ್ತಾರೆ.

ನಾಳೆ ಹತ್ತು ಗಂಟೆಗೆ ಬರುತ್ತೇನೆ. ಟೆರೇಸಿನ ಬೀಗದ ಕೈ ಹುಡುಕಿಡು, ಹೋದ ಸಲ ಅಮ್ಮ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು.