ಪದಚರ್ಚೆ: ಬೆಳೆಯಲು ಹಿಂಜರಿಯುವವನೋ, ಬೆಳೆಯಲೊಲ್ಲದವನೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು.

ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಹದಿಹರೆಯವನ್ನು ಕುರಿತ ಕಾದಂಬರಿಗಳ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಜೆ. ಡಿ. ಸ್ಯಾಲಿಂಜರ್ ಅವರ 1951ರ ಕಾದಂಬರಿ ‘ದ ಕ್ಯಾಚರ್ ಇನ್ ದ ರೈ’ ಅದರಲ್ಲಿ ಮುಖ್ಯವಾದದ್ದು. ಅದರ ನಾಯಕ ಹೋಲ್ಡನ್ ಕಾಲ್‌ಫೀಲ್ಡ್ ದೊಡ್ಡವನಾಗಲು ಮನಸ್ಸಿಲ್ಲದ ಹುಡುಗ. ಅವನ ಈ ಸ್ಥಿತಿಗೆ ‘ಹಿಂಜರಿಕೆ’, ‘ಅನಿಚ್ಛೆ’, ‘ನಿರಾಕರಣೆ’, ‘ಅಪ್ರಬುದ್ಧತೆ’ ಎಂಬ ಪದಗಳು ವಿಮರ್ಶೆಯ ಕನ್ನಡದಲ್ಲಿ ಸುಲಭವಾಗಿ ಸಿಗುತ್ತವೆ. ಇವುಗಳಲ್ಲಿ ಯಾವುದೂ ಅವನಿಗೆ ಹೊಂದುವುದಿಲ್ಲವೆಂದೂ, ‘ಒಲ್ಲೆ’ ಎಂಬ ನಮ್ಮ ಹಳೆಯ ಕ್ರಿಯಾಪದವೇ ಸರಿಯಾದ ಮಾತೆಂದೂ ನನಗೆ ಅನ್ನಿಸಿದೆ. ಹಾಗೆ ಅನ್ನಿಸಲು ಕಾರಣವೇನೆಂಬುದನ್ನು ಇಲ್ಲಿ ಬಿಡಿಸಿ ಹೇಳಿ, ಬಳಗದವರ ಅಭಿಪ್ರಾಯ ಕೇಳಬೇಕೆಂದಿದ್ದೇನೆ.

ಕಾದಂಬರಿಯನ್ನು ಓದದವರಿಗಾಗಿ ಒಂದೆರಡು ಮಾತು. ಪೆನ್ಸಿಲ್ವೇನಿಯಾದ ವಸತಿ ಶಾಲೆಯೊಂದರಿಂದ ಹೊರಹಾಕಲ್ಪಟ್ಟ ಹದಿನಾರರ ಹುಡುಗ, ಕ್ರಿಸ್‌ಮಸ್ ರಜೆಗೆ ಮುಂಚಿನ ಕೆಲವು ದಿನ ಮನೆಯವರಿಗೆ ತಿಳಿಸದೆ ನ್ಯೂಯಾರ್ಕ್‌ನಲ್ಲಿ ಅಲೆದಾಡುತ್ತಾನೆ. ಅವನ ಎತ್ತರ ಆರಡಿ ಎರಡೂವರೆ ಅಂಗುಲ. ಅದರಲ್ಲಿ ಆರೂವರೆ ಅಂಗುಲ ಒಂದೇ ವರ್ಷದಲ್ಲಿ ಬಂದದ್ದು. ತಲೆಯ ಬಲಭಾಗದ ಕೂದಲು ಆಗಲೇ ನೆರೆತಿದೆ. ಆದರೂ ಕೆಲವೊಮ್ಮೆ ತಾನು ಹದಿಮೂರರವನಂತೆ ನಡೆದುಕೊಳ್ಳುತ್ತೇನೆಂದು ಅವನೇ ಹೇಳಿಕೊಳ್ಳುತ್ತಾನೆ. ಈ ಹದಿಮೂರು ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಪದಗಳಿಗೆ ಬರೋಣ. ‘ಹಿಂಜರಿಕೆ’ ಎಂದಾಗ, ಮುಂದೆ ಹೋಗಬೇಕೆಂಬುದನ್ನು ಒಳಗೊಳಗೇ ಒಪ್ಪಿಕೊಂಡು ಸಂಕೋಚದಿಂದಲೋ ಭಯದಿಂದಲೋ ಹೆಜ್ಜೆ ಹಿಂದಿಟ್ಟವನ ಚಿತ್ರ ಬರುತ್ತದೆ. ಹೋಲ್ಡನ್ ಅದನ್ನು ಒಪ್ಪಿಕೊಂಡವನೇ ಅಲ್ಲ. ‘ನಿರಾಕರಣೆ’ ಅರ್ಜಿ ಮತ್ತು ಆದೇಶಗಳ ಲೋಕದ್ದು. ಕಾರಣಗಳನ್ನು ತೂಗಿ ನೋಡಿದವರ ಮಾತು ಅದು. ‘ಅಪ್ರಬುದ್ಧತೆ’ ಎಂಬುದು ಹಿರಿಯರ ತೀರ್ಪು. ಆಡುಮಾತಿನ ‘ಎಳಸು’, ‘ಹುಡುಗಬುದ್ಧಿ’ ಎಂಬ ಬೈಗುಳಗಳೂ ಅದೇ ಜಾತಿಯವು. ಅವು ಹುಡುಗನನ್ನು ಹೊರಗಿನಿಂದ ಅಳೆಯುತ್ತವೆಯೇ ಹೊರತು ಅವನು ಒಳಗೆ ಏನನ್ನು ಹಿಡಿದುಕೊಂಡಿದ್ದಾನೆಂದು ಕೇಳುವುದಿಲ್ಲ. ‘ಅನಿಚ್ಛೆ’ಯಲ್ಲಿ ತಪ್ಪಿಲ್ಲ, ಆದರೆ ಕಾವೂ ಇಲ್ಲ.

‘ಒಲ್ಲೆ’ ಹಾಗಲ್ಲ. ಧಾರವಾಡದ ಕಡೆ ಊಟಕ್ಕೆ ಕರೆದ ತಾಯಿಗೆ ಮುಖ ತಿರುಗಿಸಿ ‘ನಾ ಒಲ್ಲೆ’ ಎನ್ನುವ ಮಗು ಅದಕ್ಕೆ ಕಾರಣ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಅದಕ್ಕೆ ಕಾಣುವುದಿಲ್ಲ. ಒಲಿ, ಒಲವು ಎಂಬ ಮಾತುಗಳಿಗೆ ಹತ್ತಿರದ ‘ಒಲ್’ ಎಂಬ ಧಾತುವಿನ ನಿಷೇಧರೂಪ ಇದು. ಬೇಡವೆನ್ನುವ ಮಾತಿನೊಳಗೇ ಪ್ರೀತಿಯ ಬೇರು ಉಳಿದುಕೊಂಡಿರುವುದು ಈ ಹುಡುಗನ ವಿಷಯದಲ್ಲಿ ಎಷ್ಟು ಸರಿಹೊಂದುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ‘ಒಲ್ಲದ ಮನಸ್ಸಿನಿಂದ’ ಎಂಬ ಪ್ರಯೋಗ ಎಲ್ಲ ಕಡೆಯ ಬರಹದಲ್ಲೂ ಬಳಕೆಯಲ್ಲಿದೆ ನಿಜ. ಆದರೆ ಅಲ್ಲಿ ಮನಸ್ಸು ಒಲ್ಲದಿದ್ದರೂ ಮನುಷ್ಯ ಆ ಕೆಲಸವನ್ನು ಕೊನೆಗೆ ಮಾಡಿಯೇ ಮಾಡುತ್ತಾನೆ. ನನಗೆ ಬೇಕಾದದ್ದು ‘ಬೆಳೆಯಲೊಲ್ಲದ’ ಎಂಬ ರೂಪ. ಅದರಲ್ಲಿ ಅಂಥ ರಾಜಿ ಇಲ್ಲ.

‘ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು’ ಎಂಬ ಗಾದೆ ಎಲ್ಲರಿಗೂ ಗೊತ್ತಿರುವಂಥದು. ಹೋಲ್ಡನ್‌ನನ್ನು ಅರ್ಥಮಾಡಿಕೊಳ್ಳಲು ನನಗೆ ವಿಮರ್ಶೆಯ ಪರಿಭಾಷೆಗಿಂತ ಹೆಚ್ಚು ನೆರವಾದದ್ದು ಈ ಗಾದೆ. ಅವನು ಪುಟಪುಟಕ್ಕೂ ಬಳಸುವ ‘ಫೋನಿ’ ಎಂಬ ಬೈಗುಳವೇ ಕಾದಂಬರಿಯ ತಿರುಳೆಂದು ಬಹಳ ಜನ ಹೇಳುತ್ತಾರೆ. ಅದನ್ನು ಕನ್ನಡದಲ್ಲಿ ‘ಸೋಗಲಾಡಿ’, ‘ಬೂಟಾಟಿಕೆಯವನು’ ಎನ್ನಬಹುದು. ‘ಢೋಂಗಿ’ ಎಂದರೆ ಕಳ್ಳ ಸನ್ಯಾಸಿಯ ನೆನಪಾಗುತ್ತದೆ. ಇವತ್ತಿನ ಹುಡುಗರು ‘ಬಿಲ್ಡಪ್ ಕೊಡ್ತಾನೆ’ ಎಂದಾರು. ಮುಖ್ಯೋಪಾಧ್ಯಾಯರು, ನಟರು, ಪಿಯಾನೊ ನುಡಿಸುವವನು, ಹಾಲಿವುಡ್‌ಗೆ ಬರೆಯಲು ಹೋದ ಸ್ವಂತ ಅಣ್ಣ, ಎಲ್ಲರಲ್ಲೂ ಅವನಿಗೆ ಸೋಗು ಕಾಣುತ್ತದೆ. ಅದೇ ಹುಡುಗ ರೈಲಿನಲ್ಲಿ ಸಹಪಾಠಿಯೊಬ್ಬನ ತಾಯಿ ಎದುರಾದಾಗ ಶಾಲೆಯ ಜವಾನನ ಹೆಸರನ್ನು ತನ್ನ ಹೆಸರೆಂದು ಹೇಳಿ, ತನ್ನ ಮಿದುಳಿನಲ್ಲಿ ಗಡ್ಡೆಯಿದೆ ಎಂದು ಬೇರೆ ನಂಬಿಸುತ್ತಾನೆ. ಸೋಗು ಕಂಡದ್ದರಿಂದ ಅವನಿಗೆ ದೊಡ್ಡವರ ಲೋಕ ಬೇಡವಾಯಿತು ಎಂಬ ಓದಿಗೆ ಇದು ಹೊಂದುವುದಿಲ್ಲ. ಗಾದೆ ಹೇಳುವ ಕ್ರಮವೇ ಬೇರೆ: ಮೊದಲು ಒಲ್ಲದಿರುವುದು, ಆಮೇಲೆ ಕಲ್ಲು ಕಾಣುವುದು.

ಹಾಗಾದರೆ ಮೊದಲು ಏನಾಯಿತು? ಅವನಿಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಅಲಿ 1946ರ ಜುಲೈ 18ರಂದು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ಆಗ ಹೋಲ್ಡನ್‌ಗೆ ಹದಿಮೂರು. ಆ ರಾತ್ರಿ ಅವನು ಗ್ಯಾರೇಜಿನಲ್ಲಿ ಮಲಗಿ ಅದರ ಕಿಟಕಿಯ ಗಾಜುಗಳನ್ನೆಲ್ಲ ಮುಷ್ಟಿಯಿಂದ ಒಡೆದುಹಾಕಿದ. ಮಳೆ ಬಂದರೆ ಆ ಕೈ ಇಂದಿಗೂ ನೋಯುತ್ತದೆ, ಮುಷ್ಟಿ ಸರಿಯಾಗಿ ಮಡಚುವುದಿಲ್ಲ. ಅಲಿಯ ಬೇಸ್‌ಬಾಲ್ ಕೈಗವಸು ಅವನ ಪೆಟ್ಟಿಗೆಯಲ್ಲಿದೆ. ಮೈದಾನದಲ್ಲಿ ಚೆಂಡಿಗಾಗಿ ಕಾಯುವಾಗ ಓದಿಕೊಳ್ಳಲೆಂದು ಆ ತಮ್ಮ ಗವಸಿನ ಬೆರಳುಗಳ ಮೇಲೆಲ್ಲ ಹಸಿರು ಶಾಯಿಯಲ್ಲಿ ಪದ್ಯಗಳನ್ನು ಬರೆದುಕೊಂಡಿದ್ದ. ಕೊಠಡಿಯ ಗೆಳೆಯ ತನ್ನ ಪರವಾಗಿ ಯಾವುದಾದರೂ ಕೋಣೆಯನ್ನೋ ಮನೆಯನ್ನೋ ವರ್ಣಿಸಿ ಪ್ರಬಂಧ ಬರೆದುಕೊಡು ಎಂದರೆ ಹೋಲ್ಡನ್ ಈ ಗವಸನ್ನೇ ವರ್ಣಿಸಿ ಬರೆಯುತ್ತಾನೆ, ಬೈಸಿಕೊಳ್ಳುತ್ತಾನೆ, ಬರೆದದ್ದನ್ನು ಹರಿದುಹಾಕುತ್ತಾನೆ. ತಮ್ಮ ಇನ್ನು ಬೆಳೆಯುವುದಿಲ್ಲ. ಅಣ್ಣ ಬೆಳೆದಷ್ಟೂ ತಮ್ಮ ಹಿಂದೆ ಉಳಿಯುತ್ತಾನೆ. ಆದ್ದರಿಂದ ಇವನ ‘ಒಲ್ಲೆ’ ಹಟವಲ್ಲ, ಸೋಮಾರಿತನವೂ ಅಲ್ಲ, ತಮ್ಮನನ್ನು ಬಿಟ್ಟು ಮುಂದೆ ಹೋಗಲಾರೆನೆಂಬ ನಿಷ್ಠೆ. ‘ಒಲ್ಲೆ’ಯೊಳಗೆ ಒಲವಿದೆ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ.

ಎರಡನೆಯ ಪ್ರಶ್ನೆ, ಅವನು ಒಲ್ಲದಿರುವುದು ಏನನ್ನು ಎಂಬುದು. ‘ಬೆಳೆಯುವುದು’ ಎಂಬ ಪದ ದೇಹಕ್ಕೂ ಪೈರಿಗೂ ಊರಿಗೂ ಸಲ್ಲುವಷ್ಟು ಅಗಲವಾದದ್ದು. ‘ಪ್ರಾಯಕ್ಕೆ ಬರುವುದು’, ‘ವಯಸ್ಸಿಗೆ ಬರುವುದು’ ಎಂದರೆ ನಮ್ಮ ಕಿವಿಗೆ ಮದುವೆಯ ಮಾತು ಕೇಳಿಸುತ್ತದೆ; ‘ದೊಡ್ಡವಳಾದಳು’ ಎಂಬುದಕ್ಕಂತೂ ಒಂದೇ ಅರ್ಥ. ‘ದೊಡ್ಡವನಾಗುವುದು’ ಎಂಬಲ್ಲಿ ವಯಸ್ಸು, ಯೋಗ್ಯತೆ, ಸ್ಥಾನ ಮೂರೂ ಸೇರಿಕೊಂಡಿವೆ. ಅದೇ ‘ದೊಡ್ಡ’ದಿಂದ ‘ದೊಡ್ಡಸ್ತಿಕೆ’ಯೂ ಹುಟ್ಟಿದೆ. ಹೋಲ್ಡನ್‌ನ ಸಂಕಟವನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಹೇಳುವುದಾದರೆ, ದೊಡ್ಡಸ್ತಿಕೆಯಿಲ್ಲದೆ ದೊಡ್ಡವನಾಗುವ ದಾರಿಯನ್ನು ಅವನಿಗೆ ಯಾರೂ ತೋರಿಸಲಿಲ್ಲ. ‘ಬಲಿಯುವುದು’ ಎಂಬ ಕ್ರಿಯಾಪದವೂ ನನಗೆ ಬಹಳ ಉಪಯುಕ್ತವಾಗಿ ಕಂಡಿದೆ. ಬುದ್ಧಿ ಬಲಿತರೆ ಮೆಚ್ಚುತ್ತೇವೆ, ಬೆಂಡೆಕಾಯಿ ಬಲಿತರೆ ಬುಟ್ಟಿಯಿಂದ ಆಚೆಗೆ ಹಾಕುತ್ತೇವೆ. ದೊಡ್ಡವರು ಮೊದಲನೆಯ ಅರ್ಥದಲ್ಲಿ ಬಲಿತಿದ್ದಾರೆಂದು ಲೋಕ ಹೇಳಿದರೆ, ಈ ಹುಡುಗ ನೋಡುವುದು ಎರಡನೆಯದನ್ನು. ‘ಮಾಗುವುದು’ ಎಂಬ ಪದದಲ್ಲಿ ಈ ಅನುಮಾನಕ್ಕೆ ಎಡೆಯೇ ಇಲ್ಲ, ಆದ್ದರಿಂದ ಟಿಪ್ಪಣಿಯಲ್ಲಿ ಅದನ್ನು ಬಳಸುತ್ತಿಲ್ಲ.

ಈ ನಿಲುವಿಗೆ ಒಂದು ಆಕ್ಷೇಪ ಇರುವುದನ್ನೂ ಹೇಳಬೇಕು. ಕಾದಂಬರಿಯ ಹೆಸರು ರಾಬರ್ಟ್ ಬರ್ನ್ಸ್‌ನ ಹಾಡಿನ ಸಾಲೊಂದನ್ನು ಹೋಲ್ಡನ್ ತಪ್ಪಾಗಿ ಕೇಳಿಸಿಕೊಂಡದ್ದರಿಂದ ಬಂದದ್ದು. ‘ಎದುರಾದರೆ’ ಎಂದಿರುವಲ್ಲಿ ಅವನು ‘ಹಿಡಿದರೆ’ ಎಂದು ಕೇಳಿಸಿಕೊಂಡು, ರೈ ಪೈರಿನ ಹೊಲದಲ್ಲಿ ಆಡುತ್ತ ಪ್ರಪಾತದ ಅಂಚಿಗೆ ಓಡಿಬರುವ ಮಕ್ಕಳನ್ನು ಹಿಡಿದು ನಿಲ್ಲಿಸುವವನಾಗಬೇಕೆಂದು ಆಸೆಪಡುತ್ತಾನೆ. ತಪ್ಪನ್ನು ತಿದ್ದುವವಳು ಪುಟ್ಟ ತಂಗಿ ಫೀಬಿ. ಆದರೆ ಕೊನೆಯ ಭಾಗದಲ್ಲಿ ಅದೇ ತಂಗಿ ತಿರುಗುವ ಮರದ ಕುದುರೆಯ ಮೇಲೆ ಕುಳಿತು, ಉಳಿದ ಮಕ್ಕಳ ಹಾಗೆ, ಸುತ್ತುವಾಗ ಹಿಡಿದುಕೊಳ್ಳಲೆಂದು ಪಕ್ಕದಲ್ಲಿ ಇಟ್ಟಿರುವ ಬಂಗಾರದ ಬಣ್ಣದ ಬಳೆಗೆ ಕೈಚಾಚುವಾಗ ಅವನು ತಡೆಯುವುದಿಲ್ಲ: ಬಿದ್ದರೆ ಬೀಳಲಿ, ಏನಾದರೂ ಹೇಳಿದರೆ ಅದೇ ತಪ್ಪು ಎಂದುಕೊಳ್ಳುತ್ತಾನೆ. ಅಲ್ಲಿಗೆ ‘ಒಲ್ಲೆ’ ಸಡಿಲಿತು ಎಂದು ಹೇಳಬಹುದೇ? ತಂಗಿಯ ಮಟ್ಟಿಗೆ ಸಡಿಲಿತು, ತನ್ನ ಮಟ್ಟಿಗೆ ಇನ್ನೂ ಇಲ್ಲ ಎಂಬುದು ನನ್ನ ಓದು. ಏಕೆಂದರೆ ಕೊನೆಯ ಪುಟದಲ್ಲಿ, ಸೆಪ್ಟೆಂಬರಿನಲ್ಲಿ ಶಾಲೆಗೆ ಮರಳಿದಾಗ ಮನಸ್ಸಿಟ್ಟು ಓದುತ್ತೀಯಾ ಎಂಬ ಮನೋವೈದ್ಯನ ಪ್ರಶ್ನೆಗೆ ಅವನು ಖಚಿತವಾಗಿ ಹೌದೆಂದು ಉತ್ತರಿಸುವುದಿಲ್ಲ.

ಬಳಗದಲ್ಲಿ ನಾನು ಕೇಳುವುದು ಇಷ್ಟು. ಮೈಸೂರು, ಹಾಸನದ ಕಡೆ ‘ಒಲ್ಲೆ’ ಗಾದೆಗಳಲ್ಲೂ ಕೀರ್ತನೆಗಳಲ್ಲೂ ಉಳಿದಿದ್ದು, ದಿನದ ಮಾತಿನಲ್ಲಿ ‘ಬೇಡ’ ಎಂಬುದೇ ನಡೆಯುತ್ತದೆ. ಹಾಗಿರುವಾಗ ‘ಬೆಳೆಯಲೊಲ್ಲದ ಹುಡುಗ’ ಎಂದರೆ ಆ ಭಾಗದ ವಿದ್ಯಾರ್ಥಿಗಳಿಗೆ ಅದು ಪದ್ಯದ ಮಾತಿನಂತೆ ಕೇಳಿಸೀತೇ? ಇದನ್ನು ನಾಮಪದವಾಗಿಸಲು ‘ಒಲ್ಲದಿಕೆ’, ‘ಒಲ್ಲದತನ’ ಎಂಬ ರೂಪಗಳನ್ನು ಯಾರಾದರೂ ನಿಜವಾಗಿ ಆಡುವುದನ್ನು ಕೇಳಿದ್ದೀರಾ, ಅಥವಾ ‘ಒಲ್ಲದಿರುವಿಕೆ’ ಎಂದೇ ಉದ್ದವಾಗಿ ಬರೆಯಬೇಕೇ? ಕುಂದಾಪುರ, ಬೀದರ್, ಕೊಳ್ಳೇಗಾಲದ ಕಡೆಯವರು ದೊಡ್ಡವನಾಗಲು ಮನಸ್ಸಿಲ್ಲದ ಹುಡುಗನ ಬಗ್ಗೆ ಮನೆಯಲ್ಲಿ ಹೇಗೆ ಹೇಳುತ್ತಾರೆಂದು ಪೂರ್ತಿ ವಾಕ್ಯಸಮೇತ ತಿಳಿಸಿದರೆ ಉಪಕಾರವಾಗುತ್ತದೆ.