ಬಿಸಿಯಾದರೆ ಆಫ್, ಆರಿದರೆ ಸ್ಟಾರ್ಟ್: 1987ರ ಪೋರ್ಷೆ 944

ಪ್ರಶ್ನೆ:
ನಮಸ್ಕಾರ ಅಣ್ಣ. ನಮ್ಮೂರು ದಾವಣಗೆರೆ, ಈಗ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಎರಡು ವರ್ಷದ ಹಿಂದೆ ಆಸೆಪಟ್ಟು 1987ರ ಪೋರ್ಷೆ 944 ತಗೊಂಡೆ. ಎರಡೂವರೆ ಲೀಟರಿನ ಇಂಜಿನ್, ಟರ್ಬೊ ಅಲ್ಲ. 30 ವರ್ಷ ದಾಟಿದ ಗಾಡಿಗಳಿಗೆ ಇಲ್ಲಿ ಕೊಡುವ ‘ಎಚ್’ ನಂಬರ್ ಪ್ಲೇಟೂ ಸಿಕ್ಕಿದೆ.

ಅರ್ಧ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಇಂಜಿನ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹತ್ತುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಒಂದು ಗ್ಯಾರೇಜಿನಲ್ಲಿ ಪ್ಲಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಪೆಟ್ರೋಲ್ ಫಿಲ್ಟರ್ ಎಲ್ಲ ಬದಲಾಯಿಸಿದರು. 600 ಯೂರೊ ಹೋಯಿತು, ರೋಗ ಹಾಗೇ ಇದೆ. ಹೋದ ಶನಿವಾರ ಎ8 ಹೆದ್ದಾರಿಯಲ್ಲಿ ಆಲ್ಬ್ ಘಾಟಿ ಹತ್ತುವಾಗ ನಿಂತೇ ಬಿಟ್ಟಿತು, ಜೀವ ಬಾಯಿಗೆ ಬಂತು. ನಮ್ಮನೆಯವರು ಮಾರಿಬಿಡು ಅನ್ನುತ್ತಿದ್ದಾರೆ. ಬೇಸಿಗೆಗೆ ಪೆಟ್ರೋಲ್ ಪೈಪಿನಲ್ಲೇ ಆವಿ ಆಗುತ್ತಿರಬಹುದಾ?

ಉತ್ತರ:
ಮೊದಲು ಜೀವದ ಮಾತು ಮೇಡಂ. ಓಡುವಾಗ ಇಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಒಂದೆರಡು ಸಲಕ್ಕೆ ಆಗುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ. ಪೆಡಲನ್ನು ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಡಿ ನಿಲ್ಲುವ ಮುಂಚೆ ಕೀಲಿ ತೆಗೆಯಲೇಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಕಾರಣ ಸಿಗುವ ತನಕ ಹೆದ್ದಾರಿಗೆ ಹೋಗಬೇಡಿ.

ಇನ್ನು ಆವಿಯ ವಿಚಾರ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುವಾಗ ಪ್ರೀಮಿಯರ್ ಪದ್ಮಿನಿ ಘಾಟಿಯಲ್ಲಿ ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದೆವು. ಅದು ಕಾರ್ಬ್ಯುರೇಟರ್ ಕಾಲ. ನಿಮ್ಮದು ಇಂಜೆಕ್ಷನ್ ಗಾಡಿ. ಪಂಪ್ ಹಿಂದೆ ಟ್ಯಾಂಕಿನ ಹತ್ತಿರ ಇದೆ, ಲೈನಿನಲ್ಲಿ ಯಾವಾಗಲೂ ಒತ್ತಡ ಇರುತ್ತದೆ. ಆವಿಯ ಸಾಧ್ಯತೆ ಕಡಿಮೆ.

ಒಂದು ಕೇಳುತ್ತೇನೆ. ಆಫ್ ಆದ ಕ್ಷಣ ಆರ್‌ಪಿಎಂ ಮುಳ್ಳು ಏನು ಮಾಡಿತು?

ಪ್ರಶ್ನೆ ಕೇಳಿದವರು:
ಗಮನಿಸಲಿಲ್ಲ ಅಣ್ಣ. ಕೈಕಾಲು ನಡುಗುತ್ತಿತ್ತು.

ಗುಂಪಿನ ಒಬ್ಬರು:
ಪಂಪ್ ಬದಲಾಯಿಸಿ, ಮುಗೀತು. ಕೀಲಿ ಆನ್ ಮಾಡಿದಾಗ ಹಿಂದಿನಿಂದ ಗುಂಯ್ ಅನ್ನುವ ಸದ್ದು ಬರದಿದ್ದರೆ ಪಂಪ್ ಸತ್ತಿದೆ ಅಂತಲೇ ಅರ್ಥ.

ಉತ್ತರ:
ಬೇರೆ ಗಾಡಿಗೆ ಸರಿ ಸರ್, 944ಕ್ಕೆ ಅಲ್ಲ. ಇದರಲ್ಲಿ ಕೀಲಿ ಆನ್ ಮಾಡಿದ ಮಾತ್ರಕ್ಕೆ ಪಂಪ್ ಓಡುವುದಿಲ್ಲ. ಇಂಜಿನ್ ತಿರುಗುತ್ತಿದೆ ಅಂತ ಗಾಡಿಯ ಇಂಜಿನ್ ಕಂಪ್ಯೂಟರಿಗೆ ಗೊತ್ತಾದ ಮೇಲೆಯೇ ಪಂಪಿಗೆ ಕರೆಂಟ್. ಇದು ಗೊತ್ತಿಲ್ಲದೆ ಒಳ್ಳೆಯ ಪಂಪ್ ಕಿತ್ತು ಹೊಸದು ಹಾಕಿಸಿಕೊಂಡವರು ಎಷ್ಟೋ ಜನ.

ಮೇಡಂ, ಗ್ಯಾರೇಜಿನವರನ್ನು ಪೂರ್ತಿ ಬಯ್ಯಬೇಡಿ. ಡಾಕ್ಟರ ಬಾಗಿಲಿಗೆ ಹೋದ ತಕ್ಷಣ ಹಲ್ಲುನೋವು ಮಾಯ ಆಗುವ ಹಾಗೆ, ಗಾಡಿ ಅವರ ಹತ್ತಿರ ಬರುವಷ್ಟರಲ್ಲಿ ಆರಿ ಸರಿಯಾಗಿರುತ್ತದೆ. ಈ ರೋಗವನ್ನು ನಿಂತ ಹೊತ್ತಲ್ಲೇ ಹಿಡಿಯಬೇಕು. ಆ ಇಪ್ಪತ್ತು ನಿಮಿಷ ನಿಮ್ಮದು, ಸುಮ್ನೆ ಕಾಯಬೇಡಿ.

ಮನೆ ಹತ್ತಿರದ ಖಾಲಿ ರಸ್ತೆಯಲ್ಲಿ ಓಡಿಸಿ. ಆಫ್ ಆದಾಗ ತಕ್ಷಣ ಕ್ಲಚ್ ಒತ್ತಬೇಡಿ, ಎರಡು ಸೆಕೆಂಡು ಗೇರಿನಲ್ಲೇ ಬಿಡಿ. ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಆಗಲೂ ಮುಳ್ಳು ದಪ್ಪನೆ ಸೊನ್ನೆಗೆ ಬಿದ್ದರೆ ಇಗ್ನಿಷನ್ ಕರೆಂಟೇ ಹೋಗಿದೆ. ಗಾಡಿ ನಿಧಾನ ಆದ ಹಾಗೆ ಮುಳ್ಳೂ ಇಳಿದರೆ ಕರೆಂಟ್ ಇದೆ, ಪೆಟ್ರೋಲ್ ಬರುತ್ತಿಲ್ಲ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ. ಮುಳ್ಳು ಸ್ವಲ್ಪ ಕುಣಿದರೆ ಕಂಪ್ಯೂಟರ್ ಇಗ್ನಿಷನ್ ಕಾಯಿಲಿಗೆ, ಅಂದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಸುರುಳಿಗೆ, ಸಂಕೇತ ಕೊಡುತ್ತಿದೆ. ಅಲುಗಾಡದೆ ಮಲಗಿದ್ದರೆ ಕೊಡುತ್ತಿಲ್ಲ.

ಅದಕ್ಕೂ ಮುಂಚೆ ಒಂದು ಕೆಲಸ. ಇಂಜಿನ್ ಬೇಯಲ್ಲಿ, ಎಡಗಡೆ ಹಿಂದಿನ ಮೂಲೆಯಲ್ಲಿ ಫ್ಯೂಸ್ ಪೆಟ್ಟಿಗೆ ಇದೆ. ಅದರಲ್ಲಿ ಡಿಎಂಇ ರಿಲೇ ಹುಡುಕಿ. ಡಿಎಂಇ ಅಂದರೆ ಇಂಜಿನ್ ಕಂಪ್ಯೂಟರ್, ರಿಲೇ ಅಂದರೆ ಕರೆಂಟ್ ಹರಿಸಿ ನಿಲ್ಲಿಸುವ ಸ್ವಿಚ್. 944 ಇಟ್ಟುಕೊಂಡವರು ಸ್ಟೆಪ್ನಿ ಮರೆತರೂ ಒಂದು ಹೆಚ್ಚುವರಿ ರಿಲೇ ಮರೆಯುವುದಿಲ್ಲ. ಒಂದೇ ಡಬ್ಬಿಯೊಳಗೆ ಎರಡು ರಿಲೇ. ಒಂದು ಕಂಪ್ಯೂಟರಿಗೆ, ಇನ್ನೊಂದು ಪೆಟ್ರೋಲ್ ಪಂಪಿಗೆ. ಮೂವತ್ತು ನಲವತ್ತು ವರ್ಷ ಬಿಸಿ, ತಣ್ಣಗೆ, ಅದುರಾಟ ಅನುಭವಿಸಿ ಒಳಗಿನ ಬೋರ್ಡಿನಲ್ಲಿ ಡ್ರೈ ಸೋಲ್ಡರ್ ಆಗುತ್ತದೆ, ಅಂದರೆ ಬೆಸುಗೆ ಬಿರುಕು ಬಿಡುತ್ತದೆ. ಬಿಸಿಗೆ ಹಿಗ್ಗಿದಾಗ ಕಾಂಟ್ಯಾಕ್ಟ್ ಬಿಡುತ್ತದೆ, ಆರಿದಾಗ ಕೂಡುತ್ತದೆ. ನಿಮ್ಮ ಕಥೆಯೂ ಅದೇ ಅಲ್ವಾ?

ಮುಚ್ಚಳ ಬಿಚ್ಚಿ, ಭೂತಗನ್ನಡಿಯಲ್ಲಿ ಪಿನ್ನುಗಳ ಬುಡ ನೋಡಿ. ಸುತ್ತ ಉಂಗುರದ ಹಾಗೆ ಕಪ್ಪು ಗೆರೆ ಇದ್ದರೆ ಅದೇ ಬಿರುಕು.

ಗುಂಪಿನ ಇನ್ನೊಬ್ಬರು:
ರಿಲೇ ಸಾಕೆಟ್ಟಿನಲ್ಲಿ 30, 87, 87ಬಿ ಅಂತ ಗುರುತಿರುವ ಮೂರು ತೂತು ಸೇರಿಸಿ ವೈರ್ ಹಾಕಿದರೆ ರಿಲೇ ಇಲ್ಲದೇ ಓಡುತ್ತದೆ. ನಾನು ಒಂದು ತಿಂಗಳು ಹಾಗೇ ಓಡಿಸಿದ್ದೇನೆ.

ಉತ್ತರ:
ಓಡುತ್ತದೆ. ಆದರೆ ಅಪಘಾತವಾಗಿ ಇಂಜಿನ್ ನಿಂತರೂ ಪಂಪ್ ನಿಲ್ಲುವುದಿಲ್ಲ. ಒಡೆದ ಪೈಪಿನಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ತಪ್ಪು ರಿಲೇಯದೋ ಅಲ್ಲವೋ ಅಂತ ತಿಳಿಯಲು ಎರಡು ನಿಮಿಷಕ್ಕೆ, ಫ್ಯೂಸ್ ಇರುವ ವೈರಿನಲ್ಲಿ ಮಾಡಿದರೆ ಸರಿ. ಒಂದು ತಿಂಗಳು ಓಡಿಸಿದ್ದು ನಿಮ್ಮ ಪುಣ್ಯ, ಬೇರೆಯವರಿಗೆ ಹೇಳಬೇಡಿ.

ಪ್ರಶ್ನೆ ಕೇಳಿದವರು (ಒಂದು ವಾರದ ನಂತರ):
ಅಣ್ಣ, ಸಿಕ್ಕಿತು! ಎರಡು ಪಿನ್ನಿನ ಬುಡದಲ್ಲಿ ನೀವು ಹೇಳಿದ ಹಾಗೇ ಗೆರೆ. ಹೊಸ ರಿಲೇ ಹಾಕಿದ್ದೇನೆ. ನಾಲ್ಕು ದಿನದಿಂದ ಒಂದು ಸಲವೂ ನಿಂತಿಲ್ಲ.

ಉತ್ತರ:
ಸಂತೋಷ. ಹಳೆಯದನ್ನು ಎಸೆಯಬೇಡಿ, ಬೆಸುಗೆ ಹಾಕಿಸಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಆದರೆ ಈಗಲೇ ಸಿಹಿ ಹಂಚಬೇಡಿ. ಈ ವಾರ ಅಲ್ಲಿ ಮಳೆ, ತಂಪು. ಒಳ್ಳೆಯ ಬಿಸಿಲಿನ ದಿನ ಒಂದು ಗಂಟೆ ಓಡಿಸಿ ಹೇಳಿ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನದ ನಂತರ):
ನಿಮ್ಮ ಬಾಯಿಗೆ ಏನು ಹೇಳಲಿ ಅಣ್ಣ. ನಿನ್ನೆ ಬಿಸಿಲಿನಲ್ಲಿ ಮತ್ತೆ ನಿಂತಿತು. ಈ ಸಲ ನೋಡಿದೆ. ಗೇರಿನಲ್ಲಿ ಇದ್ದಾಗಲೇ ಮುಳ್ಳು ಸೊನ್ನೆಗೆ ಬಿತ್ತು. ಸೆಲ್ಫ್ ಹೊಡೆದಾಗಲೂ ಅಲುಗಾಡಲಿಲ್ಲ. ರಿಲೇ ತೆಗೆದು ವೈರ್ ಹಾಕಿ ನೋಡಿದೆ. ಪಂಪ್ ಸದ್ದು ಬಂತು, ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ.

ಉತ್ತರ:
ಇದಕ್ಕಿಂತ ಒಳ್ಳೆಯ ವರದಿ ಬೇಕಿಲ್ಲ. ವೈರ್ ಹಾಕಿದಾಗ ಕಂಪ್ಯೂಟರಿಗೂ ಕರೆಂಟ್ ಸಿಕ್ಕಿತ್ತು. ಅಂದರೆ ಈ ಸಲದ್ದು ರಿಲೇ ತಪ್ಪಲ್ಲ. ಇಂಜಿನ್ ತಿರುಗುವುದು ಕಂಪ್ಯೂಟರಿಗೆ ಕಾಣುತ್ತಿಲ್ಲ. ಎರಡು ರೋಗ ಒಂದೇ ಮುಖ ಹಾಕಿಕೊಂಡು ಬಂದಿದ್ದವು.

ಇಂಜಿನ್ ಹಿಂದೆ, ಕ್ಲಚ್ ಇರುವ ಡಬ್ಬಿಯ (ಕ್ಲಚ್ ಹೌಸಿಂಗ್) ಮೇಲೆ ಎರಡು ಸೆನ್ಸರ್ ಇವೆ. ಒಂದು ಇಂಜಿನ್ ಜೊತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, 132 ಹಲ್ಲು ಎಣಿಸುತ್ತದೆ. ಇನ್ನೊಂದು ಒಂದು ಸುತ್ತಿಗೆ ಒಂದೇ ಸಲ, ಫ್ಲೈವೀಲಿನಲ್ಲಿರುವ ಪುಟ್ಟ ಸ್ಕ್ರೂ ಹಾದುಹೋಗುವುದನ್ನು ಹಿಡಿಯುತ್ತದೆ. ಯಾವುದು ಕೈಕೊಟ್ಟರೂ ಪ್ಲಗ್ಗಿಗೆ ಕರೆಂಟ್ ಇಲ್ಲ. ಪಂಪಿಗೂ ಇಲ್ಲ, ಅದಕ್ಕೇ ಜನ ಪಂಪನ್ನು ಬಯ್ಯುವುದು.

ಸೆನ್ಸರುಗಳ ವೈರ್ ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಗೆ ಮಲ್ಟಿಮೀಟರ್ ಹಿಡಿಯಿರಿ. ಪಿನ್ 1 ಮತ್ತು 2ರ ನಡುವೆ 600ರಿಂದ 1600 ಓಮ್ ಬರಬೇಕು. ತಣ್ಣಗಿದ್ದಾಗ ಸರಿಯಾಗೇ ತೋರಿಸಬಹುದು, ನಿಂತ ಬಿಸಿಯಲ್ಲಿ ಇನ್ನೊಮ್ಮೆ ನೋಡಿ. ಕನೆಕ್ಟರಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ, ಹುಷಾರು. ಹಾಗೇ ಅಲ್ಲೇ ಹತ್ತಿರದ ಅರ್ಥಿಂಗ್ ವೈರ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಪ್ರಶ್ನೆ ಕೇಳಿದವರು (ಮೂರು ದಿನದ ನಂತರ):
ಬಿಸಿಯಲ್ಲಿ ಒಂದು ಸೆನ್ಸರ್ ಏನೂ ತೋರಿಸಲಿಲ್ಲ. ಆರಿದ ಮೇಲೆ ಸುಮಾರು ಸಾವಿರ ಓಮ್. ಎರಡೂ ಹೊಸದು ತರಿಸಿದ್ದೇನೆ. ಹಾಕುವಾಗ ಏನು ನೋಡಬೇಕು?

ಉತ್ತರ:
ಹಲ್ಲಿನಿಂದ ಸೆನ್ಸರಿಗೆ 0.8 ಮಿಲಿಮೀಟರ್ ಅಂತರ ಇರಬೇಕು. ಎರಡು ಸೆನ್ಸರೂ ನೋಡಲು ಒಂದೇ, ಹಾಗಾಗಿ ಬಿಚ್ಚುವ ಮುಂಚೆ ವೈರಿಗೆ ಗುರುತು ಕಟ್ಟಿ. ಅದಲು ಬದಲಾದರೆ ಸ್ಟಾರ್ಟೇ ಆಗುವುದಿಲ್ಲ. ಹಳೆಯದು ಅಂಟಿಕೊಂಡಿದ್ದರೆ ಇಕ್ಕಳದಲ್ಲಿ ಎಳೆಯಬೇಡಿ. ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ಮೊದಲೇ ಕೇಳಬೇಕಿತ್ತು, ಮರೆತೆ. ಪಿಸ್ಟನ್, ವಾಲ್ವ್ ಎರಡೂ ತಾಳ ತಪ್ಪದ ಹಾಗೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು?

ಪ್ರಶ್ನೆ ಕೇಳಿದವರು:
ಗೊತ್ತಿಲ್ಲ ಅಣ್ಣ. ಹಿಂದಿನವರು ಕೊಟ್ಟ ಕಾಗದದಲ್ಲಿ ಆ ಮಾತೇ ಇಲ್ಲ.

ಉತ್ತರ:
ಹಾಗಾದರೆ ಸೆನ್ಸರ್ ಹಾಕಿ, ಆದರೆ ಸೆಲ್ಫ್ ಹೊಡೆಯಬೇಡಿ. ಈ ಇಂಜಿನಿನಲ್ಲಿ ಬೆಲ್ಟ್ ಕಿತ್ತರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ. ಆಮೇಲೆ 600 ಯೂರೊ ಚಿಲ್ಲರೆ ಅನ್ನಿಸುತ್ತದೆ. ಗಾಡಿಯನ್ನು ಎಳೆಸಿಕೊಂಡು ಹೋಗಿ. ಟೈಮಿಂಗ್ ಬೆಲ್ಟು, ಇಂಜಿನ್ ಅದುರಾಟ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಬೆಲ್ಟು, ಬೆಲ್ಟಿನ ರೋಲರುಗಳು, ಹೇಗೂ ಬಿಚ್ಚಿದಾಗ ವಾಟರ್ ಪಂಪ್, ಎಲ್ಲ ಒಟ್ಟಿಗೆ ಮಾಡಿಸಿ. ಅದು ಆದ ಮೇಲೆ ಸ್ಟಾರ್ಟ್ ಮಾಡಿ, ಮುಳ್ಳು ಏನಂತು ಅಂತ ಇಲ್ಲಿ ಬರೆಯಿರಿ.