ಸಮುದ್ರದ ನಡುವಿನ ಗ್ರಾನೈಟ್ ಮನೆ ನಿಂತಿದೆ, ನಮ್ಮ ಕಲ್ಲುಗೋಡೆಗೇಕೆ ತೇವ?

ಪ್ರಶ್ನೆ – ಬಸವನಗುಡಿ ವಾಸಿ

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ, ಪ್ಲೂಮನಾಕ್ ಬಂದರಿನ ಬಳಿ, ಕೊಸ್ತಾಯೆರೆಸ್ ಎಂಬ ಪುಟ್ಟ ಬಂಡೆದ್ವೀಪವಿದೆ. ಅದರ ಮೇಲೆ 1892ರಿಂದ 1896ರ ಅವಧಿಯಲ್ಲಿ ಗುಲಾಬಿ ಗ್ರಾನೈಟಿನಿಂದ ಕಟ್ಟಿದ, ಗೋಪುರಗಳಿರುವ ಮನೆಯೊಂದು ಇಂದಿಗೂ ನಿಂತಿದೆ. ಇಳಿತದ ಹೊತ್ತಿನಲ್ಲಿ ಸುತ್ತಲಿನ ಮರಳು ಮತ್ತು ಬಂಡೆ ಹೊರಬೀಳುತ್ತವೆ. ಉಬ್ಬರದಲ್ಲಿ ನಾಲ್ಕೂ ಕಡೆ ಉಪ್ಪುನೀರು.

ಬಸವನಗುಡಿಯಲ್ಲಿ ನಮ್ಮ ತಾತನವರು ಕಟ್ಟಿಸಿದ ಮನೆಯ ಕೆಳಗಿನ ಗೋಡೆಗಳು ಸೈಜುಗಲ್ಲಿನವು, ಸುಣ್ಣದ ಗಾರೆಯಲ್ಲಿ ಕಟ್ಟಿದವು. ಹಿಂದೆ ಯಾವಾಗಲೋ ಹೊರಗಿನ ಸಂದುಗಳಿಗೆಲ್ಲ ಸಿಮೆಂಟು ತುಂಬಲಾಗಿದೆ. ಈಗ ಒಳಗಡೆ ಮೊಣಕಾಲೆತ್ತರದವರೆಗೆ ಗಿಲಾವು ಉಬ್ಬಿ ಉದುರುತ್ತಿದೆ, ಬೆರಳಿಟ್ಟರೆ ಬಿಳಿ ಪುಡಿ ಅಂಟುತ್ತದೆ. ಹಳೆಯ ಸಿಮೆಂಟಿನ ಮೇಲೆ ಇನ್ನೊಂದು ಪದರ ಬಳಿದು ನೀರು ತಡೆಯುವ ರಾಸಾಯನಿಕ ಹಚ್ಚಬೇಕೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಸಮುದ್ರದ ನಡುವಿನ ಗ್ರಾನೈಟ್ ಮನೆ ನೂರಕ್ಕೂ ಹೆಚ್ಚು ವರ್ಷ ನಿಲ್ಲುವುದಾದರೆ, ಬರೀ ಮಳೆ ಕಾಣುವ ನಮ್ಮ ಗೋಡೆಗೆ ಈ ಗತಿ ಏಕೆ? ಆ ಕಲ್ಲೇ ಬೇರೆಯೇ?

ಉತ್ತರ – ಭೂವಿಜ್ಞಾನದ ಮೇಷ್ಟ್ರು

ಕಲ್ಲು ಬೇರೆ, ಆದರೆ ನೀವು ಕೇಳಿರುವ ವಿಷಯಕ್ಕೆ ಆ ವ್ಯತ್ಯಾಸದಿಂದ ಏನೂ ಆಗುವುದಿಲ್ಲ. ಬ್ರಿಟನಿಯ ಆ ಗ್ರಾನೈಟ್ ಸುಮಾರು 30 ಕೋಟಿ ವರ್ಷ ಹಳೆಯದು. ಅದಕ್ಕೆ ಗುಲಾಬಿ ಬಣ್ಣ ಬಂದಿರುವುದು ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ; ಹತ್ತಿರದಿಂದ ನೋಡಿದರೆ ಗುಲಾಬಿ ಹರಳುಗಳ ನಡುವೆ ಬೂದು ಸ್ಫಟಿಕ ಮತ್ತು ಕಪ್ಪು ಅಭ್ರಕದ ಚುಕ್ಕೆಗಳು ಕಾಣುತ್ತವೆ. ನಮ್ಮ ಲಾಲ್‌ಬಾಗಿನ ಬಂಡೆಯಾದರೋ ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ. ಎರಡಕ್ಕೂ ಸಮಾನವಾದ ಗುಣವೆಂದರೆ ಒಳಗೆ ರಂಧ್ರಗಳು ತೀರ ಕಡಿಮೆ. ಹದಗೆಡದ ಕಲ್ಲಿನಲ್ಲಿ ಸಾಮಾನ್ಯವಾಗಿ ಶೇಕಡ ಒಂದರ ಆಸುಪಾಸು. ಆದ್ದರಿಂದ ನೀರು ಕಲ್ಲಿನ ಮೂಲಕ ಅಷ್ಟಾಗಿ ಓಡಾಡುವುದಿಲ್ಲ, ಉಪ್ಪು ಹರಳುಗಟ್ಟಿ ಒಳಗಿನಿಂದ ಸಿಡಿಸುವುದಕ್ಕೂ ಜಾಗ ಕಡಿಮೆ. ಮರಳುಗಲ್ಲಿನ ಮನೆಯನ್ನು ಅದೇ ದ್ವೀಪದಲ್ಲಿ ಕಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಅಡಿಪಾಯದ ಅನುಕೂಲವನ್ನೂ ಮರೆಯಬಾರದು. ಆ ಮನೆ ಕೂತಿರುವುದು ಬಂಡೆಯ ಮೇಲೆ. ಆ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಒಂಬತ್ತು ಮೀಟರಿನ ಆಸುಪಾಸು ಏರಿಳಿಯುತ್ತದೆ. ಆದರೂ ಕೆಳಗಿರುವುದು ಮರಳಲ್ಲವಾದ್ದರಿಂದ ಅದು ಕೊರೆದುಹೋಗುವ ಭಯ ಕಡಿಮೆ. ಮನೆ ಕಟ್ಟಿಸಿದ ಬ್ರೂನೋ ಅಬಾಕನೋವಿಚ್ ಗಣಿತಜ್ಞ, ವಿದ್ಯುತ್ ಎಂಜಿನಿಯರ್. ವಕ್ರರೇಖೆಯ ಸಮಾಕಲವನ್ನು ಎಳೆದು ತೋರಿಸುವ ಇಂಟಿಗ್ರಾಫ್ ಯಂತ್ರ ಅವರದು. ಅಂಥವರು ಜಾಗವನ್ನು ಲೆಕ್ಕ ಹಾಕಿಯೇ ಆರಿಸಿರಬೇಕು ಎಂಬುದು ನನ್ನ ಊಹೆ. ಅವರು 1900ರಲ್ಲಿ ತೀರಿಕೊಂಡರು, ಅಂದರೆ ಆ ಮನೆಯ ಸುಖ ಅವರಿಗೆ ದಕ್ಕಿದ್ದು ಕೆಲವೇ ವರ್ಷ.

ಉತ್ತರ – ಹಳೆ ಕಟ್ಟಡಗಳ ಎಂಜಿನಿಯರ್

ಮೇಷ್ಟ್ರು ಹೇಳಿದ್ದರಲ್ಲೇ ನಿಮ್ಮ ಉತ್ತರವಿದೆ. ಕಲ್ಲು ನೀರನ್ನು ಬಿಡುವುದಿಲ್ಲವೆಂದರೆ, ಗೋಡೆಗೆ ಸೇರಿದ ನೀರು ಹೊರಗೆ ಹೋಗಲು ಉಳಿಯುವ ದಾರಿ ಸಂದುಗಳು ಮಾತ್ರ. ಸುಣ್ಣದ ಗಾರೆ ಮೃದು, ಅದರಲ್ಲಿ ಸೂಕ್ಷ್ಮ ರಂಧ್ರಗಳಿವೆ. ಮಳೆಯಲ್ಲಿ ಸ್ವಲ್ಪ ನೀರು ಹೀರುತ್ತದೆ, ಬಿಸಿಲು ಬಂದಾಗ ಅದೇ ದಾರಿಯಲ್ಲಿ ಬಿಟ್ಟುಕೊಡುತ್ತದೆ. ಉಪ್ಪು ಕಟ್ಟಿದರೂ ಅದು ಗಾರೆಯ ಹೊರಮೈಯಲ್ಲೇ ಕಟ್ಟಿ, ಗಾರೆ ಸವೆಯುತ್ತದೆ, ಕಲ್ಲು ಉಳಿಯುತ್ತದೆ. ಹಲವು ದಶಕಗಳಿಗೊಮ್ಮೆ ಸಂದುಗಳನ್ನು ಮತ್ತೆ ತುಂಬುವುದು ಇಂಥ ಗೋಡೆಯ ಸಹಜ ಆರೈಕೆ. ಬ್ರಿಟನಿಯಾಗಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಆಗಲಿ, ಕರಾವಳಿಯ ಹಳೆಯ ಗ್ರಾನೈಟ್ ಮನೆಗಳನ್ನು ಉಳಿಸುವವರು ಗಮನ ಕೊಡುವುದು ಸಂದಿಗೇ.

ಸಿಮೆಂಟು ತುಂಬಿದಾಗ ಆಗುವುದು ಇದರ ತದ್ವಿರುದ್ಧ. ಅದು ಗಟ್ಟಿಯಾಗಿ ಕುಗ್ಗುತ್ತದೆ, ಕಲ್ಲಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಮಳೆನೀರು ಒಳಗೆ ಸೇರುತ್ತದೆ, ಆದರೆ ಆವಿಯಾಗಿ ಹೊರಬರಲಾರದೆ ಮನೆಯ ಒಳಮುಖಕ್ಕೆ ತಿರುಗುತ್ತದೆ. ನೆಲದಿಂದ ಏರುವ ತೇವಕ್ಕೂ ಇದೇ ಗತಿ. ನಿಮ್ಮ ಬೆರಳಿಗೆ ಅಂಟುವ ಬಿಳಿ ಪುಡಿ ಆ ನೀರು ಹೊತ್ತು ತಂದು ಬಿಟ್ಟುಹೋದ ಲವಣ. ಇದರ ಮೇಲೆ ನೀರು ತಡೆಯುವ ರಾಸಾಯನಿಕ ಹಚ್ಚಿದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ. ದಯವಿಟ್ಟು ಆ ಕೆಲಸ ನಿಲ್ಲಿಸಿ.

ಉತ್ತರ – ಕುಮಟಾದಿಂದ ಬಂದವಳು

ನಮ್ಮೂರಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಎರಡು ಮೀಟರಿನ ಆಸುಪಾಸಷ್ಟೇ, ಆದರೂ ಸಮುದ್ರದ ಗಾಳಿಗೆ ಮೊದಲು ಬಲಿಯಾಗುವುದು ಕಬ್ಬಿಣ. ಕಲ್ಲಿನ ಕಿಟಕಿ ಚೌಕಟ್ಟಿಗೆ ನೆಟ್ಟ ಸರಳು ತುಕ್ಕು ಹಿಡಿದು ಉಬ್ಬಿದಾಗ, ಎಂಥ ಗಟ್ಟಿ ಕಲ್ಲಾದರೂ ಮೂಲೆಯಲ್ಲಿ ಸೀಳುತ್ತದೆ. ಬೆಂಗಳೂರಿನಲ್ಲೂ ತೇವ ನಿಂತ ಗೋಡೆಯಲ್ಲಿ ಇದು ಆಗಬಹುದು. ಸರಳಿನ ಬುಡಗಳನ್ನು ಒಮ್ಮೆ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಹಾಗಾದರೆ ಸಿಮೆಂಟನ್ನು ಪೂರ್ತಿ ಕಿತ್ತು ಬರೀ ಸುಣ್ಣ ಮತ್ತು ಮರಳು ತುಂಬಿದರೆ ಮಳೆಗಾಲಕ್ಕೆ ತಡೆಯುತ್ತದೆಯೇ?

ಉತ್ತರ – ಹಳೆ ಕಟ್ಟಡಗಳ ಎಂಜಿನಿಯರ್

ಬರೀ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು, ಸದಾ ತೇವವಿರುವಲ್ಲಿ ಅದು ಸರಿಯಾಗಿ ಕೂಡುವುದಿಲ್ಲ. ಅದಕ್ಕೇ ಹಿಂದಿನವರು ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಬೆರೆಸುತ್ತಿದ್ದರು. ಕನ್ನಂಬಾಡಿ ಕಟ್ಟೆಯನ್ನೇ ಸುರ್ಕಿ ಗಾರೆಯಲ್ಲಿ ಕಟ್ಟಿದ್ದಾರೆ. ಸಿಮೆಂಟನ್ನು ಯಂತ್ರದಿಂದ ಕೊರೆಸಬೇಡಿ, ಕಲ್ಲಿನ ಅಂಚು ಒಡೆಯುತ್ತದೆ. ಚಾಣ ಮತ್ತು ಸಣ್ಣ ಸುತ್ತಿಗೆಯಿಂದ ನಿಧಾನವಾಗಿ ಬಿಡಿಸಲಿ. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಹಳೆಯದನ್ನು ತೆಗೆದು, ಧೂಳು ತೊಳೆದು, ಒದ್ದೆ ಮಾಡಿ ಗಾರೆ ಒತ್ತಿಸಿ. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಕೆಲವು ದಿನ ಬಿಸಿಲಿನಿಂದ ಕಾಪಾಡಿ. ಮೊದಲು ಒಂದು ಮೂಲೆಯಲ್ಲಿ ಮಾಡಿಸಿ ಒಂದು ಮಳೆಗಾಲ ನೋಡಿ, ಒಳಗಿನ ಗಿಲಾವನ್ನು ಗೋಡೆ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ.